ಕ್ರೌಂಚ, ಕೊಕ್ಕರೆ ಮತ್ತು ಅಮ್ಮನ ದೊಡ್ಡಪತ್ರೆ



ನಮ್ಮ ಮನೆ ಟಕ್ವಿಲಾದಲ್ಲಿ ಎಂದೊಡನೆ ಊರಿನ ನೆಂಟರಿಷ್ಟರು ಒಮ್ಮೆ ಹುಬ್ಬೇರಿಸುತ್ತಾರೆ. ಟಕೀಲಾ ಅಲ್ಲ ಸ್ವಾಮಿ, ಟಕ್ವಿಲಾ ಎಂದು ನಾವು ಬಿಡಿಸಿ ಹೇಳಬೇಕು. ಸಿಯಾಟಲ್‌ನ ದಕ್ಷಿಣಕ್ಕೆ, ವಿಮಾನ ನಿಲ್ದಾಣದ ಮಗ್ಗುಲಲ್ಲಿ, ಡುವಾಮಿಶ್ ನದಿಯ ದಂಡೆಯಲ್ಲಿರುವ ಚಿಕ್ಕ ಊರು ಇದು. ಮೊದಲು ಇದನ್ನು ‘ಗಾರ್ಡನ್ ಸ್ಟೇಷನ್’ ಎಂದು ಕರೆಯುತ್ತಿದ್ದರು. 1908ರಲ್ಲಿ ಪಟ್ಟಣವಾಗುವ ಹೊತ್ತಿಗೆ ಟಕ್ವಿಲಾ ಎಂಬ ಹೆಸರು ಬಂದಿತ್ತು. ಮೂಲನಿವಾಸಿಗಳೂ ವ್ಯಾಪಾರಿಗಳೂ ಪರಸ್ಪರ ಮಾತಿಗೆ ಬಳಸುತ್ತಿದ್ದ ಚಿನೂಕ್ ಬೆರಕೆ ನುಡಿಯಲ್ಲಿ ಅದರ ಅರ್ಥ ಹೇಜಲ್ ಕಾಯಿ. ಅಂದರೆ ನಾವಿರುವ ಊರಿಗೇ ಒಂದು ಗಿಡದ ಹೆಸರು.

ಇಂಥ ಊರಿನಲ್ಲಿದ್ದೂ ನಮ್ಮ ಬಾಲ್ಕನಿಯ ಗಿಡವೊಂದರ ಸರಿಯಾದ ಹೆಸರು ನಮಗೆ ಗೊತ್ತಿರಲಿಲ್ಲ. ಅದು ತಿಳಿದದ್ದು ಮನೆಯಲ್ಲಿ ಒಂದು ಸಣ್ಣ ಜಗಳವಾದ ಮೇಲೆ. ಆ ಗಿಡ ಜಿರೇನಿಯಂ. ಈ ಸಲದ ಲೇಖನ ಅದರ ಮೇಲೆ.

ಬಟ್ಟಲಲ್ಲಿ ಹಿಂಡಿದ ರಸ

ಎರಡು ವರ್ಷದ ಹಿಂದಿನ ಮಾತು. ಸಾಗರದಿಂದ ಅಮ್ಮ ಬಂದಿದ್ದರು. ಸೆಪ್ಟೆಂಬರ್ ಮುಗಿಯುತ್ತ ಬಂದು ಮೊದಲ ಮಳೆ ಹಿಡಿದಿತ್ತು. ಹತ್ತು ತಿಂಗಳ ನಮ್ಮ ಮಗಳಿಗೆ ನೆಗಡಿ, ಕೆಮ್ಮು. ಡಾಕ್ಟರು ನೋಡಿದರು. ಎದೆ ಚೆನ್ನಾಗಿದೆ, ಔಷಧಿ ಬೇಡ, ಮೂಗಿಗೆ ಉಪ್ಪುನೀರಿನ ಹನಿ ಹಾಕಿ, ಹಾಲು ಕುಡಿಸುತ್ತಿರಿ, ಉಸಿರಾಟಕ್ಕೆ ಕಷ್ಟವಾದರೆ ತಕ್ಷಣ ಕರೆತನ್ನಿ ಎಂದರು.

“ಔಷಧಿ ಬೇಡ ಅನ್ನೋದಕ್ಕೆ ಡಾಕ್ಟರು ಯಾಕೋ?” ಎಂದರು ಅಮ್ಮ.

ಮರುದಿನ ಬೆಳಿಗ್ಗೆ ನಾವು ಏಳುವ ಹೊತ್ತಿಗೆ ಅಡುಗೆಮನೆಯಿಂದ ಘಮಘಮ ವಾಸನೆ. ಬಾಲ್ಕನಿಯ ಕುಂಡದಿಂದ ನಾಲ್ಕು ಎಲೆ ಕಿತ್ತು ತವೆಯ ಮೇಲೆ ಬಾಡಿಸಿ, ಬಟ್ಟಲಿಗೆ ರಸ ಹಿಂಡಿ, ಅಮ್ಮ ಜೇನಿನ ಬಾಟಲಿಯ ಮುಚ್ಚಳ ತೆಗೆಯುತ್ತಿದ್ದರು. “ದೊಡ್ಡಪತ್ರೆ ಇಲ್ಲೂ ಬೆಳೆಸಿದೀರಿ, ನಂಗೆ ಹೇಳಲೇ ಇಲ್ಲ! ವಾಸನೆ ಸ್ವಲ್ಪ ಬೇರೆ. ಅಮೆರಿಕದ ನೀರಿಗೆ ಹಾಗಾಗಿರಬೇಕು.”

ಅದು ದೊಡ್ಡಪತ್ರೆ ಆಗಿರಲಿಲ್ಲ. ನರ್ಸರಿಯಿಂದ ತಂದಿದ್ದ, ಪುದೀನದ ವಾಸನೆಯ ಜಿರೇನಿಯಂ. ದುಂಡಗೆ, ಅಂಚು ಕಚ್ಚುಕಚ್ಚಾಗಿ, ಮುಟ್ಟಿದರೆ ಮಖಮಲ್ಲಿನ ಹಾಗಿರುವ ಎಲೆ, ಉಜ್ಜಿದರೆ ಪರಿಮಳ. ಮಲೆನಾಡಿನ ಹಿತ್ತಿಲಲ್ಲಿ ಅರವತ್ತು ವರ್ಷ ಓಡಾಡಿದ ಕಣ್ಣಿಗೆ ಅದು ದೊಡ್ಡಪತ್ರೆಯಲ್ಲದೆ ಇನ್ನೇನಾಗಿ ಕಂಡೀತು? ನಾವು ಬಟ್ಟಲು ಕಸಿದುಕೊಂಡೆವು ಎಂದೇ ಹೇಳಬೇಕು. “ನಿನ್ನನ್ನ ಸಾಕಿದ್ದೇ ಈ ರಸ ಕುಡಿಸಿ” ಎಂದು ಅಷ್ಟು ಹೇಳಿ ಅಮ್ಮ ಕೋಣೆಗೆ ಹೋದರು. ಮಧ್ಯಾಹ್ನ ಊಟದವರೆಗೆ ಮಾತಿಲ್ಲ.

ತಪ್ಪು ಅಮ್ಮನದೆಂದು ನಮಗೆ ಈಗಲೂ ಅನಿಸುವುದಿಲ್ಲ. ಅವರು ಕಣ್ಣು, ಮೂಗು, ಕೈ ಮೂರನ್ನೂ ಬಳಸಿಯೇ ಗಿಡ ಗುರುತಿಸಿದ್ದರು. ಆದರೆ ಆ ಮೂರೂ ಕಲಿತದ್ದು ಬೇರೆ ಮಣ್ಣಿನಲ್ಲಿ. ನಮಗೋ ನರ್ಸರಿಯ ಚೀಟಿಯ ಮೇಲಿದ್ದ ಹೆಸರು ಮಾತ್ರ ಗೊತ್ತು. ತಮಾಷೆಯೆಂದರೆ, ಆ ಚೀಟಿಯ ಹೆಸರೂ ಪೂರ್ತಿ ಸರಿಯಾಗಿರಲಿಲ್ಲ.

ಮೂರು ಹಕ್ಕಿ, ಮೂರು ಹೆಸರು

ಜಿರೇನಿಯಂ ಎಂಬ ಹೆಸರು ಗ್ರೀಕ್ ಭಾಷೆಯ ‘ಗೆರಾನೋಸ್’ನಿಂದ ಬಂತು. ಗೆರಾನೋಸ್ ಎಂದರೆ ನಮ್ಮ ಕ್ರೌಂಚ. ಹೂವು ಉದುರಿದ ಮೇಲೆ ಉಳಿಯುವ ಕಾಯಿ ಆ ಹಕ್ಕಿಯ ಉದ್ದ ಕೊಕ್ಕಿನಂತೆ ಕಾಣುವುದರಿಂದ ಆ ಹೆಸರು. ಆದಿಕವಿಯ ಶೋಕ ಶ್ಲೋಕವಾಗಲು ಕಾರಣವಾದ ಹಕ್ಕಿಯ ಹೆಸರಿನಲ್ಲಿ ಒಂದು ಗಿಡವಿದೆ ಎಂದರೆ ನಮ್ಮಂಥ ಸಾಹಿತ್ಯಪ್ರಿಯರಿಗೆ ಖುಷಿಯಾಗದೆ ಇರುತ್ತದೆಯೇ?

ಆದರೆ ಸ್ವಲ್ಪ ತಾಳಿ. ನಾವು ಕುಂಡದಲ್ಲಿ ಬೆಳೆಸುವುದು, ಸೇಫ್‌ವೇ ಅಂಗಡಿಯ ಬಾಗಿಲಲ್ಲಿ ಮೇ ತಿಂಗಳಲ್ಲಿ ಸಾಲಾಗಿ ಇಟ್ಟಿರುವ ಕೆಂಪು ಹೂವಿನದು, ಬೆಂಗಳೂರಿನ ಹಳೆಯ ಬಂಗಲೆಗಳ ಮೆಟ್ಟಿಲ ಮೇಲೆ ಕಾಣುತ್ತಿದ್ದದ್ದು, ಇವು ಯಾವುವೂ ಸಸ್ಯಶಾಸ್ತ್ರದ ಪ್ರಕಾರ ಜಿರೇನಿಯಂ ಅಲ್ಲ. ಅವು ಪೆಲಾರ್ಗೋನಿಯಂ. ‘ಪೆಲಾರ್ಗೋಸ್’ ಎಂದರೆ ಕೊಕ್ಕರೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ನೆನೆಸಿಕೊಂಡರೆ ಸಾಕು, ಹೆಸರು ಮರೆಯುವುದಿಲ್ಲ. ಇದೇ ಕುಟುಂಬದಲ್ಲಿ ಎರೋಡಿಯಂ ಎಂಬ ಮೂರನೆಯದೂ ಇದೆ, ಅದರ ಹೆಸರು ಬಕಪಕ್ಷಿಯದು. ಒಂದೇ ಮನೆತನ, ಮೂರು ಹಕ್ಕಿ.

ನಿಜವಾದ ಜಿರೇನಿಯಂಗಳಲ್ಲಿ ನಾಲ್ಕುನೂರರ ಆಸುಪಾಸು ಪ್ರಭೇದಗಳಿವೆ. ಯೂರೋಪು, ಏಷ್ಯಾ, ಅಮೆರಿಕದ ತಂಪು ಪ್ರದೇಶಗಳೇ ಅವುಗಳ ಊರು. ಪೆಲಾರ್ಗೋನಿಯಂಗಳಲ್ಲಿ ಹೆಚ್ಚಿನವು ದಕ್ಷಿಣ ಆಫ್ರಿಕಾದವು. ಕೇಪ್ ಕಡೆಯಿಂದ ಹೊರಟ ಹಡಗುಗಳಲ್ಲಿ ಅವು ಯೂರೋಪಿಗೆ ಬಂದವು. ಇಂಗ್ಲೆಂಡಿನ ತೋಟಗಾರ ಜಾನ್ ಟ್ರಡೆಸ್ಕಂಟ್ 1631ರಲ್ಲಿ ಪ್ಯಾರಿಸ್ಸಿನಿಂದ ಒಂದನ್ನು ತರಿಸಿಕೊಂಡಿದ್ದ. 1753ರಲ್ಲಿ ಲಿನೇಯಸ್ ಸಸ್ಯಗಳಿಗೆಲ್ಲ ಹೆಸರಿಡುವಾಗ ಎರಡನ್ನೂ ಜಿರೇನಿಯಂ ಎಂಬ ಒಂದೇ ಬುಟ್ಟಿಗೆ ಹಾಕಿದ. 1789ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲೆರಿಟಿಯೇ ಇವನ್ನು ಬೇರೆ ಮಾಡಿದ. ಆ ಮೂವತ್ತಾರು ವರ್ಷದಲ್ಲಿ ಜನರ ಬಾಯಲ್ಲಿ ಹಳೆಯ ಹೆಸರು ಊರಿಬಿಟ್ಟಿತ್ತು. ಇನ್ನೂರು ವರ್ಷ ಕಳೆದರೂ ನರ್ಸರಿಯ ಚೀಟಿ ತಿದ್ದಿಕೊಂಡಿಲ್ಲ.

ಗುರುತಿಸುವುದು ಸುಲಭ. ನಿಜವಾದ ಜಿರೇನಿಯಂ ಹೂವಿನ ಐದು ಎಸಳೂ ಒಂದೇ ಅಳತೆ, ಒಂದೇ ರೂಪ. ಪೆಲಾರ್ಗೋನಿಯಂನಲ್ಲಿ ಮೇಲಿನ ಎರಡು ಎಸಳು ಒಂದು ಥರ, ಕೆಳಗಿನ ಮೂರು ಇನ್ನೊಂದು ಥರ. ಜಿರೇನಿಯಂ ಕಾಯಿ ಬಲಿತಾಗ ಕವಣೆಯಂತೆ ಬೀಜವನ್ನು ಎಸೆಯುತ್ತದೆ. ಪೆಲಾರ್ಗೋನಿಯಂ ಬೀಜಕ್ಕೆ ಪುಕ್ಕವಿದ್ದು ಗಾಳಿಯಲ್ಲಿ ತೇಲುತ್ತದೆ. ಜಿರೇನಿಯಂಗಳಲ್ಲಿ ಅನೇಕವು ಚಳಿ ತಡೆದು ನೆಲದಲ್ಲೇ ಬದುಕುತ್ತವೆ; ಪೆಲಾರ್ಗೋನಿಯಂ ಹಿಮ ಬಿದ್ದರೆ ಮುಗಿಯಿತು.

ಕಥೆ ಹೇಳುವವರ ಬಾಯಲ್ಲಿ

ಹೆಸರು ಕಲಸಿದ್ದರಿಂದ ಕಥೆಗಳೂ ಕಲಸಿವೆ. ಜಿರೇನಿಯಂ ಬಗ್ಗೆ ಹೇಳುವ ಜನಪದ ಕಥೆಯಲ್ಲಿ ಅದು ಯಾವ ಗಿಡ ಎಂದು ಮೊದಲು ಕೇಳಿಕೊಳ್ಳಬೇಕು.

ಬಲ್ಗೇರಿಯಾದವರ ‘ಝ್ದ್ರಾವೆತ್ಸ್’ ನಿಜವಾದ ಜಿರೇನಿಯಂ. ಆ ಹೆಸರು ಹುಟ್ಟಿದ್ದು ಅವರ ಭಾಷೆಯ ‘ಆರೋಗ್ಯ’ ಎಂಬ ಪದದಿಂದ. ಮದುವೆ, ಹಬ್ಬಗಳ ಹೂಗೊಂಚಲಿನಲ್ಲಿ ಅದರ ಎಲೆ ಇರಲೇಬೇಕು. ಮಾವಿನೆಲೆ ಇಲ್ಲದ ಕಲಶವನ್ನು ನಾವು ಊಹಿಸಲಾರೆವಲ್ಲ, ಹಾಗೆ. ರಷ್ಯಾದ ಅಜ್ಜಿಯರ ಕಿಟಕಿಯಲ್ಲಿರುವುದು ಪೆಲಾರ್ಗೋನಿಯಂ. ಅದರ ಎಲೆಯನ್ನು ಮಡಚಿ ನೋಯುವ ಕಿವಿಯಲ್ಲಿಡುವುದು ಅಲ್ಲಿನ ಮನೆಮದ್ದು. ಆಲ್ಪ್ಸ್ ಹಳ್ಳಿಗಳ ಮರದ ಬಾಲ್ಕನಿಗಳಲ್ಲಿ ಕೆಂಪಾಗಿ ಇಳಿಬಿದ್ದಿರುವುದೂ ಪೆಲಾರ್ಗೋನಿಯಂ. ಆಲ್ಪ್ಸ್‌ನ ಗುರುತೇ ಆಗಿಹೋಗಿರುವ ಆ ಹೂವು ಆಫ್ರಿಕಾದಿಂದ ವಲಸೆ ಬಂದದ್ದು. ವಲಸಿಗರಾದ ನಮಗೆ ಇದರಲ್ಲಿ ಏನೋ ಒಂದು ಸಮಾಧಾನ!

ಪ್ರವಾದಿ ಮಹಮ್ಮದರು ತೊಳೆದ ಅಂಗಿಯನ್ನು ಸಾಧಾರಣ ಗಿಡವೊಂದರ ಮೇಲೆ ಒಣಹಾಕಿದಾಗ ಅದು ಜಿರೇನಿಯಂ ಆಗಿ ಹೂಬಿಟ್ಟಿತೆಂಬ ಕಥೆಯನ್ನು ಇಂಗ್ಲಿಷ್ ಹೂವಿನ ಪುಸ್ತಕಗಳು ಹೇಳುತ್ತವೆ. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಹೂಗಳಿಗೊಂದು ‘ಭಾಷೆ’ ಇತ್ತು, ಯಾವ ಹೂ ಕೊಟ್ಟರೆ ಏನರ್ಥ ಎಂದು. ಓಕ್ ಎಲೆಯಾಕಾರದ ಜಿರೇನಿಯಂ ಎಂದರೆ ನಿಜವಾದ ಸ್ನೇಹ. ಕಡುಗೆಂಪು ಜಿರೇನಿಯಂ ಎಂದರೆ ಪೆದ್ದುತನ. ಬಟ್ಟಲು ಕಸಿದ ಆ ಬೆಳಿಗ್ಗೆ ನಮ್ಮ ಕೈಗೆ ಯಾರಾದರೂ ಒಂದು ಕಡುಗೆಂಪು ಗೊಂಚಲು ಕೊಡಬೇಕಿತ್ತು.

ಇನ್ನು ನಮ್ಮ ಟಕ್ವಿಲಾ ಸುತ್ತಲೂ ತಾನಾಗಿಯೇ ಬೆಳೆದಿರುವ ಜಿರೇನಿಯಂ ಒಂದಿದೆ. ಹರ್ಬ್ ರಾಬರ್ಟ್ ಎಂದು ಹೆಸರು. ಇಲ್ಲಿನವರು ಪ್ರೀತಿಯಿಂದಲ್ಲ, ಸಿಟ್ಟಿನಿಂದ ‘ಸ್ಟಿಂಕಿ ಬಾಬ್’ ಎನ್ನುತ್ತಾರೆ. ಎಲೆ ಹೊಸಕಿದರೆ ಸುಟ್ಟ ರಬ್ಬರಿನ ನಾತ. ಕೆಂಪು ದಂಟಿನ, ಪುಟ್ಟ ಗುಲಾಬಿ ಹೂವಿನ ಈ ಗಿಡವನ್ನು ಹಿಂದೆ ಯೂರೋಪಿನಲ್ಲಿ ರಕ್ತ ನಿಲ್ಲಿಸಲು ಬಳಸುತ್ತಿದ್ದರು. ಕೆಂಪು ಗಿಡ ಕೆಂಪು ರಕ್ತಕ್ಕೆ ಮದ್ದು ಎಂಬ ಸಾದೃಶ್ಯದ ನಂಬಿಕೆ ಅದರ ಹಿಂದಿತ್ತು. ಅಲ್ಲಿ ಔಷಧಿಯಾಗಿದ್ದದ್ದು ಇಲ್ಲಿ ಕಳೆ: ವಾಷಿಂಗ್ಟನ್ ರಾಜ್ಯದ ಉಪದ್ರವಿ ಕಳೆಗಳ ‘ಬಿ’ ದರ್ಜೆಯ ಪಟ್ಟಿಯಲ್ಲಿದೆ. ಬೀಜವನ್ನು ಹದಿನೈದಿಪ್ಪತ್ತು ಅಡಿ ದೂರಕ್ಕೆ ಸಿಡಿಸಿ ಕಾಡಿನ ನೆರಳಿನಲ್ಲಿ ನೆಲ ಮುಚ್ಚಿಬಿಡುತ್ತದೆ. ನಿಮ್ಮ ಹಿತ್ತಿಲಲ್ಲಿ ಕಂಡರೆ ಹೂವಾಗುವ ಮೊದಲೇ ಕಿತ್ತುಬಿಡಿ. ಬೇರು ಆಳವಿಲ್ಲ, ಸುಲಭವಾಗಿ ಬರುತ್ತದೆ.

ಕೆಮ್ಮಿನ ಮದ್ದು, ಕೋರ್ಟಿನ ಕಟ್ಟೆ

ಅಮ್ಮನ ಮಾತಿಗೆ ಈಗ ಬರೋಣ. ಜಿರೇನಿಯಂ ಎಂಬ ಹೆಸರಿಗೂ ಕೆಮ್ಮಿಗೂ ಏನೂ ಸಂಬಂಧವಿಲ್ಲವೇ? ಇದೆ, ಸ್ವಾರಸ್ಯವಾದದ್ದೇ ಇದೆ.

ಚಾರ್ಲ್ಸ್ ಸ್ಟೀವನ್ಸ್ ಎಂಬ ಇಂಗ್ಲಿಷ್ ಯುವಕನಿಗೆ ಕ್ಷಯ ತಗುಲಿತ್ತು. ಹವಾ ಬದಲಾವಣೆಗೆಂದು 1897ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಹೋದ. ಬಸೂಟೋ ನಾಡಿನ ವೈದ್ಯನೊಬ್ಬ ಗಿಡದ ಬೇರಿನ ಕಷಾಯ ಕೊಟ್ಟ, ಸ್ಟೀವನ್ಸ್ ಚೇತರಿಸಿಕೊಂಡ. ಊರಿಗೆ ಮರಳಿ ಅದನ್ನೇ ‘ಸ್ಟೀವನ್ಸ್ ಕನ್ಸಂಪ್ಷನ್ ಕ್ಯೂರ್’ ಎಂದು ಮಾರತೊಡಗಿದ. ಬ್ರಿಟಿಷ್ ವೈದ್ಯಕೀಯ ಸಂಘ 1909ರಲ್ಲಿ ಗುಟ್ಟಿನ ಔಷಧಿಗಳ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನೂ ಮೋಸದ ಸಾಲಿಗೆ ಸೇರಿಸಿತು. ಆತ ಕೋರ್ಟಿಗೆ ಹೋದ, ಕೊನೆಗೆ ಸೋತ. ಆ ಗುಟ್ಟಿನ ಗಿಡ ಪೆಲಾರ್ಗೋನಿಯಂ ಸೈಡಾಯ್ಡಿಸ್, ಕಪ್ಪೆನ್ನಬಹುದಾದಷ್ಟು ಕಡುಗೆಂಪು ಹೂವಿನದು.

ಕ್ಷಯಕ್ಕೆ ಅದು ಮದ್ದಾಗಲಿಲ್ಲ. ಆದರೆ ಅದೇ ಬೇರಿನ ಸಾರ ಜರ್ಮನಿಯಲ್ಲಿ ಎದೆಗಟ್ಟಿದ ಕೆಮ್ಮಿನ ಔಷಧಿಯಾಗಿ ಉಳಿಯಿತು. ಇಲ್ಲಿನ ಔಷಧಿ ಅಂಗಡಿಗಳಲ್ಲೂ ‘ಉಮ್ಕಾ’ ಎಂಬ ಸಿರಪ್ಪಾಗಿ ಸಿಗುತ್ತದೆ. ನಡೆದ ಪ್ರಯೋಗಗಳನ್ನೆಲ್ಲ 2013ರಲ್ಲಿ ಒಟ್ಟುಗೂಡಿಸಿ ನೋಡಿದ ಕಾಕ್ರೇನ್ ವಿಮರ್ಶೆ, ಎದೆಕೆಮ್ಮಿನ ಲಕ್ಷಣಗಳು ಇದರಿಂದ ತಗ್ಗಬಹುದು, ಆದರೆ ಪುರಾವೆಯ ಗುಣಮಟ್ಟ ಕಡಿಮೆ ಎಂದಿತು.

ಇಲ್ಲಿ ಗಮನಿಸಬೇಕಾದದ್ದು ಒಂದೇ. ಆ ಮಾತು ಒಂದು ಪ್ರಭೇದದ ಬೇರಿಗೆ, ಅಳತೆಯಿಟ್ಟು ತೆಗೆದ ಸಾರಕ್ಕೆ ಸಂಬಂಧಿಸಿದ್ದು. ಬಾಲ್ಕನಿಯ ಗಿಡದ ಎಲೆಗೆ ಅಲ್ಲ. ಹಾಗೆಯೇ ಅಮೆರಿಕದ ಪೂರ್ವ ಭಾಗದ ಮೂಲನಿವಾಸಿಗಳು ಭೇದಿಗೆ, ಬಾಯಿಹುಣ್ಣಿಗೆ ಬಳಸುತ್ತಿದ್ದ ‘ಜಿರೇನಿಯಂ’ ಇನ್ನೊಂದೇ ಗಿಡ: ಜಿರೇನಿಯಂ ಮ್ಯಾಕ್ಯುಲೇಟಂ. ಒಗರು ತುಂಬಿದ ಅದರ ಬೇರು 19ನೇ ಶತಮಾನದಲ್ಲಿ ಅಮೆರಿಕದ ಅಧಿಕೃತ ಔಷಧಕೋಶದಲ್ಲೂ ಇತ್ತು. ಜಿರೇನಿಯಂ ಒಳ್ಳೆಯದು ಎಂದು ಎಲ್ಲಾದರೂ ಓದಿದರೆ ಯಾವ ಜಿರೇನಿಯಂ, ಅದರ ಯಾವ ಭಾಗ ಎಂದು ಕೇಳದೆ ಮುಂದೆ ಹೋಗಬೇಡಿ.

ಸೊಳ್ಳೆ ಓಡಿಸುವ ಗಿಡವೆಂದು ಇಲ್ಲಿ 1990ರ ದಶಕದಿಂದ ಮಾರುವ ‘ಸಿಟ್ರೋಸಾ’ ಕೂಡ ಪೆಲಾರ್ಗೋನಿಯಮ್ಮೇ. ಪರೀಕ್ಷೆ ಮಾಡಿದವರು ಸೊಳ್ಳೆಗಳು ಅದರ ಪಕ್ಕದಲ್ಲೇ ಕೂತವರನ್ನೂ ಕಚ್ಚುವುದನ್ನು ಕಂಡರು. ಪರಿಮಳದ ಎಣ್ಣೆಯ ಮಾತು ಬೇರೆ. ಗುಲಾಬಿ ವಾಸನೆಯ ಪೆಲಾರ್ಗೋನಿಯಂ ಸೊಪ್ಪನ್ನು ಹಬೆಯಲ್ಲಿ ಭಟ್ಟಿ ಇಳಿಸಿದರೆ ಒಂದು ಟನ್ನಿಗೆ ಸುಮಾರು ಒಂದು ಕಿಲೋ ಎಣ್ಣೆ ಸಿಗುತ್ತದೆ. ಗುಲಾಬಿ ಅತ್ತರಿಗೂ ಅದಕ್ಕೂ ಸಮಾನವಾದ ಅಂಶಗಳಿರುವುದರಿಂದ ಸಾಬೂನು, ಸುಗಂಧದವರಿಗೆ ಅದು ಬೇಕೇ ಬೇಕು. ನೀಲಗಿರಿಯಲ್ಲಿ ಇದರ ಬೇಸಾಯ ಹಳೆಯದು. ಬೆಂಗಳೂರಿನಲ್ಲಿ ಕೇಂದ್ರವಿರುವ ಸಿಮ್ಯಾಪ್ ಸಂಸ್ಥೆ ಈಚಿನ ವರ್ಷಗಳಲ್ಲಿ ರೈತರಿಗೆ ಇದರ ಸಸಿ, ತರಬೇತಿ ಕೊಡುತ್ತಿದೆ.

ಹಾಗಾದರೆ ಆ ಬಟ್ಟಲಿನ ರಸ ಕುಡಿಸಿದ್ದರೆ ಏನಾಗುತ್ತಿತ್ತು? ಪರಿಮಳದ ಪೆಲಾರ್ಗೋನಿಯಂ ಎಲೆಯನ್ನು ಕೇಕಿಗೆ, ಜಾಮಿಗೆ ವಾಸನೆಗೆಂದು ಹಾಕುವವರಿದ್ದಾರೆ. ಅದು ಘೋರ ವಿಷವೇನಲ್ಲ. ಆದರೆ ಅಲಂಕಾರದ ಗಿಡವೆಂದು ಮಾರಿದ್ದಕ್ಕೆ ಯಾವ ಕೀಟನಾಶಕ ಹೊಡೆದಿದ್ದಾರೋ ಬಲ್ಲವರಾರು? ಕೂಸಿನ ಹೊಟ್ಟೆಗೆ ಅದು ಬೇಡ. ಮನೆಯಲ್ಲಿ ಬೆಕ್ಕು, ನಾಯಿ ಇದ್ದವರೂ ನೆನಪಿಡಿ, ಇದನ್ನು ತಿಂದರೆ ಅವಕ್ಕೆ ವಾಂತಿಯಾಗುತ್ತದೆ. ಆ ಬಟ್ಟಲಿನಲ್ಲಿ ಎಲೆಗಿಂತ ಹೆಚ್ಚು ಅಪಾಯವಿದ್ದದ್ದು ಜೇನಿನಲ್ಲಿ. ಒಂದು ವರ್ಷ ತುಂಬದ ಮಗುವಿಗೆ ಜೇನು ಒಂದು ಹನಿಯೂ ಕೂಡದು. ಅದರಲ್ಲಿರಬಹುದಾದ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳು ಎಳೆಯ ಕರುಳಿನಲ್ಲಿ ಮೊಳೆತು ವಿಷ ಹುಟ್ಟಿಸುತ್ತವೆ. ಮಗುವಿನ ಮೈ ಸೋತು ಉಸಿರಿಗೇ ಸಂಚಕಾರ ಬರಬಹುದು. ನಿಜವಾದ ದೊಡ್ಡಪತ್ರೆಯೇ ಆಗಿದ್ದರೂ ಜೇನು ತಪ್ಪೇ. ಇದನ್ನು ಅಮ್ಮನಿಗೆ ಆ ಬೆಳಿಗ್ಗೆಯೇ ಕೂರಿಸಿ ಹೇಳಬೇಕಿತ್ತು. ನಾವು ಬಟ್ಟಲು ಕಸಿದೆವು, ಕಾರಣ ಹೇಳಲಿಲ್ಲ.

ಮಳೆಯೂರಿನಲ್ಲಿ ಕುಂಡ ಉಳಿಸಿಕೊಳ್ಳುವುದು

ಸಿಯಾಟಲ್ ಎಂದರೆ ಮಳೆ ಎನ್ನುತ್ತಾರೆ. ಲೆಕ್ಕ ನೋಡಿದರೆ ಇಲ್ಲಿನ ವಿಮಾನ ನಿಲ್ದಾಣದಲ್ಲೂ ಬೆಂಗಳೂರಿನಲ್ಲೂ ವರ್ಷಕ್ಕೆ ಬೀಳುವುದು ಸುಮಾರು 1000 ಮಿಲಿಮೀಟರಿನ ಆಸುಪಾಸೇ. ವ್ಯತ್ಯಾಸವೆಂದರೆ ಇಲ್ಲಿ ಅದು ಚಳಿಗಾಲದಲ್ಲಿ ಜಿನುಗುತ್ತದೆ. ಬಿಸಿಲು ಬೇಡುವ, ಒಣ ನಾಡಿನಿಂದ ಬಂದ ಪೆಲಾರ್ಗೋನಿಯಂಗೆ ಚಳಿ ಮತ್ತು ತೇವ ಎರಡೂ ಒಟ್ಟಿಗೆ ಬರುವುದೇ ಕಷ್ಟ. ನಾವು ಮೂರು ಗಿಡ ಕೊಳೆಸಿ ಕಲಿತದ್ದನ್ನು ಹೇಳುತ್ತೇವೆ.

ಏಪ್ರಿಲ್ ಕೊನೆಯವರೆಗೆ ಕುಂಡವನ್ನು ಹೊರಗಿಡುವ ಅವಸರ ಬೇಡ. ಆರು ಗಂಟೆಯಾದರೂ ಬಿಸಿಲು ಬೀಳುವ ಕಡೆ ಇಡಿ. ಮೇಲ್ಮಣ್ಣು ಒಣಗಿದ್ದನ್ನು ಬೆರಳಿಟ್ಟು ನೋಡಿ ಆಮೇಲೆ ನೀರು ಹಾಕಿ. ಜುಲೈ, ಆಗಸ್ಟಿನಲ್ಲಿ ಇಲ್ಲಿ ಮಳೆ ಅಪರೂಪ, ಆಗ ಮರೆಯಬೇಡಿ. ಒಣಗಿದ ಹೂಗೊಂಚಲನ್ನು ತೊಟ್ಟಿನ ಬುಡದಿಂದ ಮುರಿದರೆ ಹೊಸದು ಬರುತ್ತದೆ. ಆಗಸ್ಟ್ ಕೊನೆಯಲ್ಲಿ ನಾಲ್ಕಂಗುಲದ ತುದಿಯನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಕೆಲವು ಗಂಟೆ ಹಾಗೇ ಬಿಟ್ಟು ಗಾಯ ಒಣಗಿದ ಮೇಲೆ ಮರಳು ಬೆರೆಸಿದ ಮಣ್ಣಿಗೆ ಚುಚ್ಚಿ. ಪ್ಲಾಸ್ಟಿಕ್ ಚೀಲ ಮುಚ್ಚಬೇಡಿ, ಕೊಳೆಯುತ್ತದೆ. ಅಕ್ಟೋಬರಿನಲ್ಲಿ ತಾಯಿಗಿಡವನ್ನು ಒಳಗೆ ತಂದು ದಕ್ಷಿಣದ ಕಿಟಕಿಯಲ್ಲಿಟ್ಟು ನೀರು ಕಡಿಮೆ ಮಾಡಿ. ಜಾಗವಿಲ್ಲದವರು ಬೇರಿನ ಮಣ್ಣು ಕೊಡವಿ ಗ್ಯಾರೇಜಿನಲ್ಲಿ ತಲೆಕೆಳಗಾಗಿ ತೂಗುಹಾಕುವುದೂ ಉಂಟು. ಚಳಿಗಾಲವೆಲ್ಲ ಕಡ್ಡಿಯಂತಿದ್ದದ್ದು ಮಾರ್ಚಿನಲ್ಲಿ ಮಣ್ಣು ಕಂಡರೆ ಚಿಗುರುತ್ತದೆ.

ಇದೆಲ್ಲ ತಾಪತ್ರಯ ಬೇಡ ಎನ್ನುವವರು ನಿಜವಾದ ಜಿರೇನಿಯಂ ತಂದು ನೆಲದಲ್ಲೇ ನೆಡಿ. ಬಲ್ಗೇರಿಯಾದವರ ಝ್ದ್ರಾವೆತ್ಸ್ ಇಲ್ಲಿನ ನರ್ಸರಿಗಳಲ್ಲಿ ಸಿಗುತ್ತದೆ. ಮರದ ನೆರಳಿನಲ್ಲಿಯೂ ಬೆಳೆದು ವರ್ಷ ವರ್ಷ ಹೂ ಬಿಡುತ್ತದೆ.

ದೊಡ್ಡಪತ್ರೆ ಸಿಕ್ಕಿತು

ಆ ವಾರದ ಕೊನೆಗೆ ಮಗಳ ಕೆಮ್ಮು ತಾನಾಗಿಯೇ ಇಳಿಯಿತು. ಅಮ್ಮನ ಮೌನ ಇಳಿಯಲು ಇನ್ನೂ ಎರಡು ದಿನ ಬೇಕಾಯಿತು. ಇಳಿಸಿದವರು ಕೆಳಗಿನ ಮಹಡಿಯ ಫಿಲಿಪ್ಪೀನಿ ಅಜ್ಜಿ. ಬಟ್ಟೆ ಒಗೆಯುವ ಕೋಣೆಯಲ್ಲಿ ಇಬ್ಬರಿಗೂ ಮುಗುಳ್ನಗೆಯ ಪರಿಚಯ. ಅಮ್ಮ ಮಗುವನ್ನು ತೋರಿಸಿ ಕೆಮ್ಮಿದಂತೆ ಮಾಡಿದರಂತೆ, ಅಜ್ಜಿ ಕೈಹಿಡಿದು ತಮ್ಮ ಮನೆಗೆ ಕರೆದೊಯ್ದರಂತೆ. ಅಲ್ಲಿ ಕಿಟಕಿಯಲ್ಲಿ ದಪ್ಪ ಎಲೆಯ, ರಸಭರಿತ ದಂಟಿನ ಅಪ್ಪಟ ದೊಡ್ಡಪತ್ರೆ! ಆ ಅಜ್ಜಿ ಅದನ್ನು ‘ಒರೆಗಾನೋ’ ಎನ್ನುತ್ತಾರೆ. ಫಿಲಿಪ್ಪೀನ್ಸಿನಲ್ಲೂ ಅದು ಕೆಮ್ಮಿನ ಮನೆಮದ್ದು. ವಿಯೆಟ್ನಾಮಿನವರೂ ಕೆಮ್ಮಿಗೆ ಅದನ್ನೇ ಬಳಸುತ್ತಾರೆ, ಹೆಸರು ಮಾತ್ರ ಬೇರೆ. ಜಿರೇನಿಯಂ ಕಥೆಯಲ್ಲಿ ಒಂದು ಹೆಸರಿಗೆ ಹಲವು ಗಿಡ, ಇಲ್ಲಿ ಒಂದು ಗಿಡಕ್ಕೆ ಹಲವು ಹೆಸರು.

ಅಮ್ಮ ಒಂದು ಕೊಂಬೆ ಹಿಡಿದು ಗೆದ್ದವರಂತೆ ಮೇಲೆ ಬಂದರು. ಆಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ದೊಡ್ಡಪತ್ರೆಯ ಎಲೆ ದಪ್ಪ, ಮುರಿದರೆ ನೀರು, ಎಲೆಗಳು ಜೋಡಿಜೋಡಿಯಾಗಿ ಎದುರುಬದುರು, ವಾಸನೆ ಓಮದ್ದು. ಪೆಲಾರ್ಗೋನಿಯಂನದು ತೆಳು ಎಲೆ, ಉದ್ದ ತೊಟ್ಟು. ಅಮ್ಮ ಕನ್ನಡಕ ಸರಿಮಾಡಿಕೊಂಡು, “ಹೌದಪ್ಪ, ಇದು ಅದಲ್ಲ” ಎಂದರು. ಜೇನಿನ ವಿಷಯವನ್ನೂ ಆಗಲೇ ಹೇಳಿದೆವು. ಕೇಳಿಸಿಕೊಂಡು, “ಮೊದಲೇ ಹೀಗೆ ಹೇಳಿದ್ದರೆ ನಾನು ಬೇಡ ಅಂತಿದ್ನಾ?” ಎಂದರು. ಅದಕ್ಕೆ ನಮ್ಮ ಬಳಿ ಉತ್ತರವಿರಲಿಲ್ಲ.

ದೊಡ್ಡಪತ್ರೆ ಮಗುವಿನ ಬಾಯಿಗೆ ಹೋಗಲಿಲ್ಲ. ಎಲೆಯನ್ನು ತುಪ್ಪದಲ್ಲಿ ಹುರಿದು, ಜೀರಿಗೆ, ಮೆಣಸು, ಕಾಯಿತುರಿಯ ಜೊತೆ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಹಾಕಿದ ತಂಬುಳಿ ನಮ್ಮ ತಟ್ಟೆಗೆ ಬಂತು. ಒಂದು ಡಬ್ಬಿ ಕೆಳಗಿನ ಅಜ್ಜಿಗೂ ಹೋಯಿತು. ಅಮ್ಮ ಊರಿಗೆ ಮರಳುವ ಮುನ್ನ ಎರಡು ಕುಂಡಗಳಿಗೂ ಐಸ್‌ಕ್ರೀಮ್ ಕಡ್ಡಿ ನೆಟ್ಟು ಹೆಸರು ಬರೆಸಿದರು. ಒಂದರ ಮೇಲೆ ‘ದೊಡ್ಡಪತ್ರೆ’. ಇನ್ನೊಂದರ ಮೇಲೆ ಪೆಲಾರ್ಗೋನಿಯಂ ಎಂದು ಬರೆಯಲು ಹೋದರೆ, “ಅದೆಲ್ಲ ನಂಗೆ ಓದಕ್ಕೆ ಬರಲ್ಲ, ‘ಕೊಕ್ಕರೆ ಗಿಡ, ತಿನ್ನಬಾರದು’ ಅಂತ ಬರಿ” ಎಂದರು. ಹಾಗೇ ಬರೆದಿದ್ದೇವೆ. ಈಗಲೂ ಇದೆ.

ನಿಮ್ಮ ಮನೆಯ ಕುಂಡದಲ್ಲೂ ಇಂಥ ಹೆಸರು ತಪ್ಪಿದ ಗಿಡಗಳಿದ್ದಾವು. ಊರಿಂದ ಹಿರಿಯರು ಬರುವ ಮುಂಚೆ ಒಂದೊಂದು ಕಡ್ಡಿ ನೆಟ್ಟು, ಕನ್ನಡದಲ್ಲೇ ಹೆಸರು ಬರೆದಿಡಿ. ಕಥೆಯಿದ್ದರೆ ನಮಗೂ ಬರೆದು ಕಳಿಸಿ. ಮುಂದಿನ ತಿಂಗಳು ಮತ್ತೆ ಸಿಗೋಣ.